ಕನಕಮ್ಮನ ಶೆಡ್ಡಿನ ನೆತ್ತಿ

ದೇವದುರ್ಗ
27 ಏಪ್ರಿಲ್ 2025

ಅಣ್ಣನಿಗೆ ಕನಕಳ ನಮಸ್ಕಾರ.

ನಿನ್ನೆ ಫೋನು ಕಟ್ ಮಾಡಿದವಳು ನಾನೇ. ಮೊನ್ನೆ ಮಾಡಿದವನು ನೀನು. ಯುಗಾದಿಯಿಂದ ಈಚೆಗೆ ನಾವಿಬ್ಬರೂ ಒಂದು ಮಾತನ್ನಾದರೂ ಪೂರ್ತಿ ಆಡಿ ಮುಗಿಸಿದ್ದುಂಟೆ? ಅದಕ್ಕೇ ಇನ್ನು ಮೇಲೆ ಪತ್ರ ಬರೆಯುವುದೆಂದು ತೀರ್ಮಾನಿಸಿದ್ದೇನೆ. ಪತ್ರವನ್ನು ಸಿಟ್ಟಿಗೆ ಹರಿದು ಒಲೆಗೆ ಹಾಕಬಹುದು, ಆದರೆ ಬರೆಯುವವಳ ಬಾಯಿಯನ್ನು ನಡುವೆ ಮುಚ್ಚಿಸಲು ಬರುವುದಿಲ್ಲ. ಮಾನ್ವಿಯ ಅರ್ಧ ಊರಿಗೆ ಪತ್ರಲೇಖನ ಕಲಿಸಿದ ಮೇಷ್ಟ್ರು ನೀನು. ನನಗೂ ಕಲಿಸಿದವನು ನೀನೇ. ಈಗ ಅನುಭವಿಸು.

ಯುಗಾದಿಯ ಮರುದಿನ ನೀನು ಇಲ್ಲಿಗೆ ಬಂದೆ. ತೋಟದಲ್ಲಿ ಮೆಣಸಿನ ಸಸಿ, ಬದನೆ ಸಸಿ, ಮಲ್ಲಿಗೆಯ ಸಾಲು, ಯಾವುದನ್ನೂ ಕಣ್ಣೆತ್ತಿ ನೋಡಲಿಲ್ಲ. ನೇರವಾಗಿ ಶೆಡ್ಡಿನೊಳಗೆ ಹೋಗಿ, ಪರೀಕ್ಷೆಯ ಕೋಣೆಯಲ್ಲಿ ಓಡಾಡುವವನ ಹಾಗೆ ಕೈ ಹಿಂದೆ ಕಟ್ಟಿಕೊಂಡು ತಲೆ ಎತ್ತಿದೆ. ಎರಡು ಕಡೆಯ ತಗಡು ಕೂಡುವ ನೆತ್ತಿಯ ಉದ್ದಕ್ಕೂ ಬೆಳಕಿನ ಗೆರೆ ಕಾಣುತ್ತಿತ್ತು. ನಿಜ. ವೆಲ್ಡಿಂಗಿನವನು ಅಲ್ಲಿ ತುಂಡು ತಗಡು ಹೊದಿಸಿ, "ಉಳಿದದ್ದು ನಾಳಿ ಬಂದು ಮಾಡ್ತೀನ್ರಿ ಯವ್ವಾ" ಎಂದು ಹೋದವನು ಇನ್ನೂ ಬಂದಿಲ್ಲ. ಅದಕ್ಕೆ ನೀನು, ಪಕ್ಕದ ಹೊಲದ ಹೀರಾಬಿಯ ಎದುರಿಗೇ, "ಇದು ಶೆಡ್ ಅಲ್ಲ ಕನಕಾ, ಜರಡಿ ಅದ" ಅಂದೆ. ಆಮೇಲೆ ಇನ್ನೊಂದು ಮಾತು ಅಂದೆ. "ಈ ಮಳಿಗಾಲದಾಗ ಇದರೊಳಗ ಒಂದು ಹನಿ ಬಿತ್ತಂದ್ರ, ಜಾಗ ಮಾರಿ ಸುಮ್ಮನ ಮಾನ್ವಿಗೆ ಬಂದುಬಿಡು. ನಮ್ಮ ಮನ್ಯಾಗ ಒಂದು ಕೋಣಿ ಖಾಲಿ ಅದ."

ನಿನ್ನೆ ಫೋನಿನಲ್ಲಿ ಹೇಳಬೇಕೆಂದಿದ್ದು ಇಷ್ಟೇ: ಒಪ್ಪಿದ್ದೇನೆ. ದೀಪಾವಳಿಯವರೆಗೆ ಗಡುವು. ಒಂದು ಹನಿ ಬಿದ್ದರೆ ಬರುತ್ತೇನೆ. ಬೀಳದಿದ್ದರೆ ನೀನು ಸೋತೆನೆಂದು ಕೈಯಾರೆ ಬರೆದು ಕಳಿಸಬೇಕು, ಮತ್ತೆ ಆ ಮಾತು ಎತ್ತಬಾರದು.

ನಿನಗೆ ಇದು ಹಟ ಅನ್ನಿಸುತ್ತದೆ, ನನಗೆ ಗೊತ್ತು. ಒಂದು ಸಲ ನನ್ನ ಲೆಕ್ಕದಲ್ಲಿ ನೋಡು. ಹುಟ್ಟಿ ಬೆಳೆದದ್ದು ಅಪ್ಪನ ಮಣ್ಣಿನ ಮಾಳಿಗೆಯ ಕೆಳಗೆ. ಆಮೇಲೆ ಗಂಡನ ಮನೆ, ಅವರು ತೀರಿಕೊಂಡ ಮೇಲೆ ಹೆಣ್ಣುಮಕ್ಕಳ ಹಾಸ್ಟೆಲು. ಅಡುಗೆಯವಳಾಗಿ ಹೊಕ್ಕವಳು ರಿಟೈರ್ ಆಗುವ ತನಕ ಅಡುಗೆಮನೆ ಪಕ್ಕದ ಕೋಣೆಯಲ್ಲೇ ಮಲಗಿದೆ. ಈಗ ಇರುವುದೂ ಬಾಡಿಗೆಯ ಕೋಣೆ. ಈ ತೋಟದ ತುಂಡು, ಈ ತಗಡಿನ ಶೆಡ್ಡು, ಇಷ್ಟೇ ನನ್ನದು. ಬೀಜ, ಗುದ್ದಲಿ, ಚಹಾದ ಪಾತ್ರೆ ಎಲ್ಲ ಅಲ್ಲೇ ಇಟ್ಟುಕೊಂಡು ಹಗಲೆಲ್ಲ ಅಲ್ಲೇ ಇರುತ್ತೇನೆ. ನನ್ನ ತಲೆಯ ಮೇಲೆ ನನ್ನದೇ ಸೂರು ಇದೇ ಮೊದಲು ಅಣ್ಣಾ. ಅದನ್ನು ಜರಡಿ ಅಂದೆಯಲ್ಲ.

ನಿನ್ನ ಮೊಣಕಾಲಿನ ನೋವು ಹೇಗಿದೆ? ಸೊಸೆ ಸುಮಂಗಲಾಗೆ ಕೇಳಿದೆನೆಂದು ಹೇಳು.

ನಿನ್ನ ತಂಗಿ,
ಕನಕಮ್ಮ


ಮಾನ್ವಿ
6 ಮೇ 2025

ಚಿರಂಜೀವಿ ಕನಕಳಿಗೆ ಅಣ್ಣ ಸೂಗಪ್ಪನ ಆಶೀರ್ವಾದಗಳು.

ಪತ್ರ ತಲುಪಿತು. ಪಂಥಕ್ಕೆ ನನ್ನ ಒಪ್ಪಿಗೆಯಿದೆ. ಆದರೆ ಎದುರಾಳಿಯ ಕೈಕಟ್ಟಿ ಗೆಲ್ಲುವ ಜಾಯಮಾನ ನನ್ನದಲ್ಲ. ಆದ್ದರಿಂದ ನೀನು ಕೇಳದಿದ್ದರೂ ಉಪಾಯ ಹೇಳಿಕೊಡುತ್ತಿದ್ದೇನೆ, ಗಮನವಿಟ್ಟು ಓದು.

ನಮ್ಮ ಅಪ್ಪ ವರ್ಷವರ್ಷವೂ ರೋಹಿಣಿ ಮಳೆಗೆ ಮೊದಲು ಚೀಕಲಪರ್ವಿ ದಾರಿಯಲ್ಲಿ ಸವಳು ಮಣ್ಣು ಅಗೆದು ತಂದು ಮಾಳಿಗೆಯ ಮೇಲೆ ಹರಡುತ್ತಿದ್ದುದು ನಿನಗೆ ನೆನಪಿರಬೇಕು. ನೀನೂ ತಲೆಯ ಮೇಲೆ ಬುಟ್ಟಿ ಹೊತ್ತಿದ್ದೀಯೆ. ಆ ಉಪ್ಪು ಮಣ್ಣು ನೀರು ಕುಡಿದು ಕೂಡಿಕೊಂಡಿತೆಂದರೆ ಎಂಥ ಮಳೆಯನ್ನೂ ಕೆಳಗೆ ಬಿಡುವುದಿಲ್ಲ. ಅಪ್ಪನ ಕಾಲದಲ್ಲಾಗಲಿ ನನ್ನ ಕಾಲದಲ್ಲಾಗಲಿ ಈ ಮನೆಯಲ್ಲಿ ಒಂದು ಹನಿ ಸೋರಿದ್ದಿಲ್ಲ. ಓಣಿಯವರೆಲ್ಲ ಸಿಮೆಂಟು ಹಾಕಿಸಿದರು. ಈಗ ಅವರು ಬೇಸಿಗೆಯಲ್ಲಿ ಬೇಯುತ್ತಾರೆ, ನಾನು ತಣ್ಣಗೆ ಮಲಗುತ್ತೇನೆ.

ಎರಡು ಚೀಲ ಸವಳು ಮಣ್ಣನ್ನು ದೇವದುರ್ಗದ ಬಸ್ಸಿಗೆ ಹಾಕಿಸಿದ್ದೇನೆ. ಕಂಡಕ್ಟರ್ ಹಾಲೇಶ ನನ್ನ ಶಿಷ್ಯ. ಗುರುಗಳೆಂದು ಕಾಲುಮುಟ್ಟಿ ನಮಸ್ಕರಿಸಿದ, ಆಮೇಲೆ ಮಣ್ಣಿಗೂ ಲಗೇಜ್ ಟಿಕೆಟ್ ಹರಿದ. ನಿಯಮ ಪಾಲಿಸಲು ಕಲಿಸಿದವನು ನಾನೇ ಆದ್ದರಿಂದ ದುಡ್ಡು ತೆತ್ತೆ. ಮಣ್ಣನ್ನು ಹದವಾಗಿ ಕಲಸಿ, ನೆತ್ತಿಯ ಉದ್ದಕ್ಕೂ ದಪ್ಪಗೆ ಮೆತ್ತಿ ಒಣಗಿಸು. ಬೆಳಕಿನ ಗೆರೆ ಮುಚ್ಚಿಹೋಗುತ್ತದೆ.

ನಮ್ಮ ಮಾಳಿಗೆಯ ಚಿಂತೆ ಮಾಡಬೇಡ. ಹೋದ ವರ್ಷ ಹಾಕಿದ ಮಣ್ಣೇ ಗಟ್ಟಿಯಾಗಿದೆ, ಈ ವರ್ಷಕ್ಕೆ ಸಾಕು. ಮೊಣಕಾಲು ಇದ್ದ ಹಾಗೇ ಇದೆ.

ಇಷ್ಟು ಹೇಳಿಕೊಟ್ಟ ಮೇಲೂ ಸೋರಿದರೆ ಕೋಣೆ ಖಾಲಿ ಇದೆ, ಮರೆಯಬೇಡ.

ನಿನ್ನ ಹಿತ ಬಯಸುವ,
ಸೂಗಪ್ಪ


ದೇವದುರ್ಗ
11 ಜೂನ್ 2025

ಅಣ್ಣಾ,

ನಮಸ್ಕಾರ ಆಮೇಲೆ. ಮೊದಲು ನಿನ್ನ ಮಣ್ಣಿನ ಕಥೆ ಕೇಳು.

ನೀನು ಹೇಳಿದ ಹಾಗೇ ಕಲಸಿದೆ, ಮೆತ್ತಿದೆ. ಒಣಗಿದ ಮೇಲೆ ಒಳಗೆ ನಿಂತು ನೋಡಿದರೆ ಎಲ್ಲೂ ಬೆಳಕಿಲ್ಲ. ಎಷ್ಟು ಖುಷಿಯಾಯಿತೆಂದರೆ ಹೀರಾಬಿಯನ್ನು ಕರೆದು ಚಹಾ ಕುಡಿಸಿದೆ. ಅವಳು ಲೋಟ ಹಿಡಿದುಕೊಂಡು ಮೇಲೆ ನೋಡಿ, "ಕನಕಕ್ಕಾ, ಮಾಳಿಗಿ ಅಂದ್ರ ಸಪಾಟ ಇರ್ತದ, ಮಣ್ಣು ಕುಂದ್ರತದ. ಈ ಇಳಿಜಾರ ತಗಡಿನ ಮ್ಯಾಲ ಕುಂದ್ರು ಅಂದ್ರ ಕುಂದ್ರತದೇನು?" ಅಂದಳು. ನಮ್ಮ ಅಪ್ಪ ಮಾಡುತ್ತಿದ್ದರು, ನಮ್ಮ ಅಣ್ಣ ಮಾಡುತ್ತಾನೆ, ನಿನಗೇನು ಗೊತ್ತು ಅಂದುಬಿಟ್ಟೆ. ಅವಳು ಚಹಾ ಕುಡಿದು ಲೋಟ ತೊಳೆದಿಟ್ಟು ಹೋದಳು.

ಮೊನ್ನೆ ಮಳೆ ಬಂತು. ಪಡುವಣ ಗಾಳಿ ಹೊಡೆದ ಹೊಡೆತಕ್ಕೆ ಮಣ್ಣು ಅರ್ಧ ಹೊರಗೆ ಜಾರಿತು, ಅರ್ಧ ಒಳಗೆ ಇಳಿಯಿತು. ಹನಿಯಲ್ಲ ಅಣ್ಣಾ, ಅಂಬಲಿ. ಬಿತ್ತಲೆಂದು ಇಟ್ಟಿದ್ದ ಮೆಣಸಿನ ಬೀಜದ ಮೇಲೆ, ಚಹಾದ ಪಾತ್ರೆಯ ಮೇಲೆ, ನನ್ನ ಮೇಲೆ. ಮರುದಿನ ಏಣಿ ಹಾಕಿ ಹತ್ತಿ ನೋಡಿದರೆ ಸವಳಿಗೆ ಮೊಳೆಯ ತಲೆಗಳೆಲ್ಲ ತುಕ್ಕು ಹಿಡಿದು ಕೆಂಪಾಗಿದ್ದವು. ಆ ಮಣ್ಣಿನ ಉಪ್ಪು ತಗಡಿಗೆ ವಿಷವೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ ನೋಡು. ತಲೆಮಾರಿನಿಂದ ಮಾಳಿಗೆಗೆ ಮಣ್ಣು ಹಾಕಿದವರ ಬುದ್ಧಿ, ತಗಡು ಕಂಡರೂ ಮಣ್ಣನ್ನೇ ನೆನೆಯಿತು.

ಅತ್ತೆ. ಅತ್ತದ್ದನ್ನು ಬರೆಯಲು ನಾಚಿಕೆಯೇನಿಲ್ಲ. ಕೆಸರಿನ ನಡುವೆ ಮಡಿಕೆ ಬೋರಲು ಹಾಕಿ ಅದರ ಮೇಲೆ ಕೂತು ಚೆನ್ನಾಗಿ ಅತ್ತೆ. ಹೀರಾಬಿ ಬಂದು ಒಂದು ಮಾತೂ ಹಂಗಿಸಲಿಲ್ಲ. ಇಬ್ಬರೂ ಸೇರಿ ಮಣ್ಣನ್ನೆಲ್ಲ ಬಳಿದು, ಬಿಸಿಲಿಗೆ ಒಣಗಿಸಿ ಪುಡಿ ಮಾಡಿ, ಮತ್ತೆ ಅದೇ ಚೀಲಗಳಿಗೆ ತುಂಬಿದೆವು. ಅಪ್ಪನ ಮನೆಯ ಕಡೆಯ ಮಣ್ಣು, ಚರಂಡಿಗೆ ಚೆಲ್ಲಲು ಮನಸ್ಸು ಬರಲಿಲ್ಲ.

ಮಾತು ಅಂದರೆ ಮಾತು. ನೀರು ಬಿದ್ದಿದೆ. ಬಿದ್ದದ್ದು ನಿನ್ನ ಮಣ್ಣಿನಿಂದ ಎಂದು ನಾನು ವಾದ ಮಾಡಬಹುದು, ಆದರೆ ಮೆತ್ತಿದ ಕೈ ನನ್ನದೇ. ತೀರ್ಪು ನೀನೇ ಕೊಡು. ಬಾ ಅಂದರೆ ಗಂಟು ಕಟ್ಟುತ್ತೇನೆ.

ಕನಕಮ್ಮ


ಮಾನ್ವಿ
19 ಜೂನ್ 2025

ಚಿರಂಜೀವಿ ಕನಕಳಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಸುಮಂಗಲಾ ನನಗಿಂತ ಮೊದಲೇ ಓದಿ, ಅಡುಗೆಮನೆಗೆ ಹೋಗಿ ನಕ್ಕಳು. ಗೋಡೆಯ ಆಚೆಯಿಂದ ಕೇಳಿಸಿತು. ಹೊರಗೆ ಬಂದು ಮುಖ ಗಂಭೀರ ಮಾಡಿಕೊಂಡು, "ಮಾವಾರೆ, ಅತ್ತಿಯವ್ರಿಗೆ ಹೇಳಿಕೊಟ್ಟವರು ನೀವೇ ಅಲ್ಲೇನ್ರಿ?" ಎಂದು ಕೇಳಿದಳು.

ತೀರ್ಪು ಹೀಗಿದೆ. ನೀರು ಬಿದ್ದದ್ದು ಸತ್ಯ. ಆದರೆ ಮೇಷ್ಟ್ರೇ ತಪ್ಪು ಉತ್ತರ ಹೇಳಿಕೊಟ್ಟರೆ ಅದನ್ನು ಬರೆದ ವಿದ್ಯಾರ್ಥಿಯನ್ನು ನಪಾಸು ಮಾಡಲು ಬರುವುದಿಲ್ಲ. ನನ್ನ ನೌಕರಿಯಲ್ಲಿ ಅಂಥದ್ದನ್ನು ಎಂದೂ ಮಾಡಿಲ್ಲ, ಈಗ ತಂಗಿಗೆ ಮಾಡಲಾರೆ. ಮರುಪರೀಕ್ಷೆಗೆ ಅವಕಾಶ ಕೊಟ್ಟಿದ್ದೇನೆ. ದೀಪಾವಳಿಯ ಗಡುವು ಹಾಗೇ ಇರುತ್ತದೆ. ಈ ಸಲ ನಾನು ಏನೂ ಹೇಳಿಕೊಡುವುದಿಲ್ಲ. ನೀನೇ ಬರೆ.

ಒಂದೇ ಮಾತು. ಏಣಿ ಹತ್ತಿದೆನೆಂದು ಬರೆದಿದ್ದೀಯೆ. ಅರವತ್ತು ದಾಟಿದ ಹೆಂಗಸು ತಗಡಿನ ಮೇಲೆ ಹತ್ತುವುದೆಂದರೇನು? ಬಿದ್ದು ಸೊಂಟ ಮುರಿದುಕೊಂಡರೆ ಅಲ್ಲಿ ನೋಡುವವರು ಯಾರು? ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜಾಗ ಮಾರು ಎಂದು ನಾನು ಗಂಟಲು ಹರಿದುಕೊಳ್ಳುವುದು ಇದಕ್ಕೇ.

ಸೂಗಪ್ಪ


ದೇವದುರ್ಗ
22 ಜುಲೈ 2025

ಅಣ್ಣನಿಗೆ ಕನಕಳ ಗಟ್ಟಿಮುಟ್ಟಾದ ಸೊಂಟದಿಂದ ನಮಸ್ಕಾರ.

ಉತ್ತರ ತಡವಾಯಿತು, ಕೈತುಂಬ ಕೆಲಸವಿತ್ತು. ಕೂತು ಓದು, ಇದು ಉದ್ದ ಇದೆ.

ರಾಯಚೂರಿಗೆ ಹೋಗಿದ್ದೆ. ಅಲ್ಲಿ ಜೈನಾಬ್ ಎಂಬಾಕೆಯ ತಗಡಿನ ಅಂಗಡಿಯಿದೆ. ಹೀರಾಬಿಯ ನೆಂಟಸ್ತಿಕೆಯವರು. "ಬರ್ರಿ ಅಮ್ಮಾ, ಕೂಡ್ರಿ" ಎಂದು ಸ್ಟೂಲು ಹಾಕಿ, ನಾನು ನೆತ್ತಿಗೆ ತಗಡು ಬೇಕು ಅನ್ನುತ್ತಲೇ, "ನಿಮ್ಮ ಕಡಿ ಗಾಳಿ ಎಲ್ಲಿಂದ ಹೊಡೀತದ?" ಎಂದು ಕೇಳಿದಳು. ತುಂಡು ತಗಡುಗಳನ್ನು ಒಂದರ ಮೇಲೊಂದು ಹೊದಿಸುವಾಗ ಸಂದಿಯ ಬಾಯಿ ಗಾಳಿಗೆ ಬೆನ್ನು ಮಾಡಿರಬೇಕಂತೆ, ಇಲ್ಲದಿದ್ದರೆ ಗಾಳಿಯೇ ನೀರನ್ನು ಒಳಗೆ ತಳ್ಳುತ್ತದಂತೆ. ನಮ್ಮ ವೆಲ್ಡಿಂಗಿನವನು ಪಡುವಣಕ್ಕೇ ಬಾಯಿ ತೆರೆದಿಟ್ಟಿದ್ದ.

ನಾನು ಯೋಚನೆ ಮಾಡಿದೆ. ಮುಂಗಾರಿನಲ್ಲಿ ಗಾಳಿ ಪಡುವಣದಿಂದ, ಅದು ಸರಿ. ಆದರೆ ದಸರೆ ದಾಟಿದ ಮೇಲೆ ಹಿಂಗಾರು ಮೂಡಣದಿಂದ ಬಂದು ಹೊಡೆಯುತ್ತದೆ. ಆಗ ಬೆನ್ನು ಮಾಡಿದ್ದೇ ಬಾಯಿಯಾಗುತ್ತದೆ. ಹಾಗೆ ಹೇಳಿದೆ. "ಹಂಗಾದ್ರ ಯಾವ ಕಡಿ ತಿರುಗಿಸಿದ್ರೂ ಅರ್ಧ ತಪ್ಪೇ ಆಗ್ತದಲ್ರಿ" ಅಂದಳು. "ಸಂದಿನೇ ಇರಬಾರದು. ಉದ್ದಕ್ಕೂ ಒಂದೇ ತಗಡು ಹಾಕಿದ್ರ?" ಅಂದೆ ನಾನು. ಅವಳು ನನ್ನನ್ನು ಒಂದು ಗಳಿಗೆ ನೋಡಿ, "ಮಷೀನಿನಾಗ ಮಡಚಿ ಕೊಡ್ತೀನಿ. ಒಯ್ಯೂದು ಹೆಂಗ್ರಿ?" ಅಂದಳು.

ಇನ್ನೊಂದು ವಿಷಯವನ್ನೂ ನಾನೇ ಹೇಳಿ ಮಾಡಿಸಿದೆ. ಹಾಸ್ಟೆಲಿನಲ್ಲಿ ಅನ್ನದ ದೊಡ್ಡ ಪಾತ್ರೆಗೆ ಮುಚ್ಚಳ ಹಾಕಿ ಹಾಕಿ ನನಗೆ ಗೊತ್ತು, ಮುಚ್ಚಳದ ಅಂಚು ಪಾತ್ರೆಯ ಹೊರಗೆ ಇಳಿದಿದ್ದರೆ ನೀರು ಹೊರಗೇ ಹೋಗುತ್ತದೆ. ಅದಕ್ಕೆ ಎರಡೂ ಬದಿಗೆ ಅಗಲವಾಗಿ ಇಳಿಯುವ ಹಾಗೆ, ಎರಡು ತುದಿಗಳಲ್ಲಿ ಕೆಳಗೆ ಮಡಚುವ ಹಾಗೆ ಬಿಟ್ಟು ಕತ್ತರಿಸಿ ಅಂದೆ.

ಒಯ್ದದ್ದು ಟಂಟಂ ಆಟೋದಲ್ಲಿ. ರಾಯಚೂರಿಗೆ ತರಕಾರಿ ಹಾಕಿ ಖಾಲಿ ಬರುತ್ತಿದ್ದ ಗಾಡಿ. ತಗಡು ಗಾಡಿಗಿಂತ ಉದ್ದ. ಹಿಂದೆ ಜೋತಾಡಬಾರದೆಂದು ನಾನೇ ಅದರ ಮೇಲೆ ಕೂತೆ. ಗಬ್ಬೂರಿನಲ್ಲಿ ಗಾಡಿ ನಿಂತಾಗ ಒಬ್ಬಳು ಹೆಂಗಸು, "ಯವ್ವಾ, ಅದೇನು ದೋಣಿ ಏನು?" ಎಂದು ಕೇಳಿದಳು. ಹೌದು, ಬೋರಲು ಹಾಕೋ ದೋಣಿ ಅಂದೆ. ಗಾಡಿ ದೇವದುರ್ಗ ಹೊಕ್ಕಾಗ ಹಾಸ್ಟೆಲಿನ ಹುಡುಗಿಯರು ಗೇಟಿನಲ್ಲಿ ನಿಂತು ಕೈ ಬೀಸಿದರು. ನಾನೂ ಬೀಸಿದೆ. ಮದುವೆಯ ದಿನವೂ ನನ್ನನ್ನು ಯಾರೂ ಹಾಗೆ ಮೆರವಣಿಗೆ ಮಾಡಿಸಿರಲಿಲ್ಲ.

ಗಾಳಿಯಿಲ್ಲದ ಒಂದು ಬೆಳಗು ನೋಡಿ ಹತ್ತಿದೆ. ಹೌದು, ನಾನೇ ಹತ್ತಿದೆ. ಹೀರಾಬಿ ಏಣಿ ಹಿಡಿದು, "ಎಡಕ್ಕ ಕಾಲಿಡು, ಬಲಕ್ಕ ಇಡು" ಎಂದು ಕೂಗುತ್ತಿದ್ದಳು. ತುಕ್ಕು ಹಿಡಿದದ್ದನ್ನೆಲ್ಲ ಕಿತ್ತು, ಲಾರಿ ಟ್ಯೂಬು ಪಟ್ಟಿ ಪಟ್ಟಿ ಕತ್ತರಿಸಿ ತಗಡಿನ ಅಲೆಗಳ ನಡುವೆ ತುರುಕಿ, ಮೇಲೆ ಒಂದೇ ತಗಡು ಕೂಡಿಸಿದೆವು. ಸ್ಕ್ರೂಗಳನ್ನು ಅಲೆಯ ಗುಂಡಿಯಲ್ಲಿ ಹೊಡೆದರೆ ನೀರು ಅಲ್ಲೇ ನಿಲ್ಲುತ್ತದೆ, ಅದಕ್ಕೆ ಅಲೆಯ ದಿಣ್ಣೆಯ ಮೇಲೇ ಹೊಡೆದು, ಪ್ರತಿಯೊಂದರ ಕೆಳಗೆ ಸೈಕಲ್ ಟ್ಯೂಬಿನ ಬಿಲ್ಲೆ ಇಟ್ಟೆ. ಕೆಲಸ ಮುಗಿದ ಮೇಲೆ ಮೇಲೆಯೇ ಸ್ವಲ್ಪ ಹೊತ್ತು ಕೂತಿದ್ದೆ. ತೋಟ ಮೇಲಿನಿಂದ ಎಷ್ಟು ಚಂದ ಕಾಣುತ್ತದೆ ಗೊತ್ತೆ? ನನಗೂ ಅಂದೇ ಗೊತ್ತಾದದ್ದು.

ಆಮೇಲೆ ಮಳೆ ಬಂತು, ಮತ್ತೆ ಬಂತು. ನೆಲ ಒಣಗಿದೆ. ಬೆಳಕಿನ ಗೆರೆ ಇಲ್ಲ. ಮೇಷ್ಟ್ರೇ, ಪೇಪರ್ ತಿದ್ದಿ.

ಕನಕಮ್ಮ


ಮಾನ್ವಿ
3 ಆಗಸ್ಟ್ 2025

ಚಿರಂಜೀವಿ ಕನಕಳಿಗೆ,

ಓದಿದೆ. ಮುಂಗಾರು ಪಾಸಾಗಿದ್ದೀಯೆ, ಒಪ್ಪಿದೆ. ಹಿಂಗಾರಿನ ಪೇಪರ್ ಬಾಕಿ ಇದೆ, ಅದು ಕಠಿಣ. ನಿನ್ನ ಮಾತಿನ ಮೇಲೆ ಅಂಕ ಕೊಡಲಾರೆ, ಖುದ್ದಾಗಿ ಬಂದು ನೋಡುತ್ತೇನೆ. ಮೂಡಣದಲ್ಲಿ ಮೋಡ ಕಟ್ಟಿದ ದಿನ ಬಸ್ಸು ಹತ್ತುತ್ತೇನೆ. ಜರಡಿ ಹಿಡಿದ ಒಲೆಯ ಬೂದಿ ಒಂದು ಬುಟ್ಟಿ ಸಿದ್ಧವಿಟ್ಟಿರು. ನೆಲದ ತುಂಬ ಹರಡೋಣ. ಬೂದಿಯ ಮೇಲೆ ಹನಿ ಬಿದ್ದರೆ ಗುಂಡಿಯಾಗುತ್ತದೆ, ಒರೆಸಿ ಬಚ್ಚಿಡಲು ಬರುವುದಿಲ್ಲ.

ಏಣಿಯ ವಿಷಯ ಓದುವಾಗ ಕಣ್ಣು ಮುಚ್ಚಿಕೊಂಡೆ, ಆಮೇಲೆ ಮತ್ತೆ ತೆರೆದು ಓದಿದೆ. ಸುಮಂಗಲಾ ಅದನ್ನು ಗಟ್ಟಿಯಾಗಿ ಓದಿಸಿಕೊಂಡಳು, ಎರಡು ಸಲ.

ಸೂಗಪ್ಪ


ಮಾನ್ವಿ
10 ಅಕ್ಟೋಬರ್ 2025

ತಂಗಿ ಕನಕಳಿಗೆ,

ಮೊದಲು ಕೊಡಬೇಕಾದದ್ದನ್ನು ಕೊಟ್ಟುಬಿಡುತ್ತೇನೆ. ಮಾನ್ವಿಯ ನಿವೃತ್ತ ಶಿಕ್ಷಕನಾದ ಸೂಗಪ್ಪನೆಂಬ ನಾನು ನನ್ನ ತಂಗಿ ಕನಕಮ್ಮನಿಗೆ ಸೋತಿದ್ದೇನೆ. ದೀಪಾವಳಿಗೆ ಇನ್ನೂ ದಿನಗಳಿವೆ ನಿಜ. ಆದರೆ ಮೊನ್ನೆ ಬಂದದ್ದಕ್ಕಿಂತ ದೊಡ್ಡ ಮಳೆಯನ್ನು ಈ ವಯಸ್ಸಿನಲ್ಲಿ ನಾನು ಕಂಡಿಲ್ಲ, ಅದಕ್ಕೂ ನಿನ್ನ ಶೆಡ್ಡು ಸೋರಲಿಲ್ಲ. ಜಾಗ ಮಾರುವ ಮಾತನ್ನು ಇನ್ನು ಎತ್ತುವುದಿಲ್ಲ. ಈ ಪತ್ರವನ್ನು ಬೇಕಾದರೆ ಕಟ್ಟು ಹಾಕಿಸಿ ಶೆಡ್ಡಿನಲ್ಲಿ ತೂಗುಹಾಕು.

ಆ ದಿನ ನಿನ್ನ ಶೆಡ್ಡಿಗೆ ಬಂದಾಗ ನಿನ್ನೆದುರು ಹೇಳಲಾಗದ್ದನ್ನು ಈಗ ಬರೆಯುತ್ತೇನೆ. ನಾವು ಬೂದಿ ಹರಡಿ ಮುಗಿಸುವಷ್ಟರಲ್ಲಿ ಮೂಡಣ ಗಾಳಿ ಎದ್ದಿತ್ತು. ನೀನು ಮೂಲೆಯ ಚೀಲಗಳ ಮೇಲೆ ನನಗೆ ಕೌದಿ ಹಾಸಿ ಕೂಡಿಸಿದೆ. ಹೀರಾಬಿ ಬಾಗಿಲಲ್ಲಿ ಕೂತಳು. ಮಳೆ ತಗಡಿನ ಮೇಲೆ ಬಿದ್ದ ಸದ್ದಿಗೆ ನನ್ನ ಮಾತು ನನಗೇ ಕೇಳಿಸಲಿಲ್ಲ. ನಾನು ಬಾಯಿ ತೆರೆದೆ, ನೀನು ಕೈ ಆಡಿಸಿದೆ, ಇಬ್ಬರೂ ಸುಮ್ಮನಾದೆವು. ಜಗಳವಿಲ್ಲದೆ ನಾವಿಬ್ಬರೂ ಅಷ್ಟು ಹೊತ್ತು ಒಂದೆಡೆ ಕೂತದ್ದು ಅಪ್ಪ ತೀರಿಕೊಂಡ ಮೇಲೆ ಅದೇ ಮೊದಲು. ನೀನು ತಲೆ ಎತ್ತಿ ನೆತ್ತಿಯನ್ನು ನೋಡುತ್ತಿದ್ದೆ. ನಾನು ನಿನ್ನ ಮುಖ ನೋಡುತ್ತಿದ್ದೆ. ಇವಳನ್ನು ಇಲ್ಲಿಂದ ಎಬ್ಬಿಸಿ ನಮ್ಮ ಮನೆಯ ಖಾಲಿ ಕೋಣೆಯಲ್ಲಿ ಕೂಡಿಸಲು ಹೊರಟಿದ್ದೆನಲ್ಲ ಎಂದು ನಾಚಿಕೆಯಾಯಿತು. ನನ್ನ ಅಂಜಿಕೆಗೆ ನಿನ್ನ ಜಾಗ ಮಾರಿಸುವುದು ನ್ಯಾಯವಲ್ಲ.

ಮಳೆ ನಿಂತ ಮೇಲೆ ಬಾಗಿ ಬೂದಿ ನೋಡುವಾಗ ಬಾಗಿಲ ಹತ್ತಿರ ಒಂದು ಗುಂಡಿ ಕಂಡು, "ಅಲ್ನೋಡು, ಹನಿ" ಎಂದು ನಾನು ಕೂಗಿದ್ದನ್ನು ದಯವಿಟ್ಟು ಊರೆಲ್ಲ ಹೇಳಬೇಡ. ಹೀರಾಬಿ, "ಮೇಷ್ಟ್ರೇ, ನಿಮ್ಮ ಕೊಡಿ ಎಲ್ಲಿ ಇಟ್ಟೀರಿ ನೋಡ್ಕೊಳ್ರಿ" ಅಂದದ್ದು ಸಾಕು. ಛತ್ರಿಯನ್ನು ಹೊರಗೆ ಇಡಬೇಕೆಂದು ಮಕ್ಕಳಿಗೆ ಹೇಳಿ ಹೇಳಿ ಸವೆದ ಮನುಷ್ಯ ನಾನು.

ಇನ್ನೊಂದು ಸೋಲಿದೆ, ಅದನ್ನೂ ಬರೆಯದೆ ಬಿಡಲಾರೆ. ಮಾನ್ವಿಗೆ ಬಂದು ನೋಡಿದರೆ ಅದೇ ಮಳೆಗೆ ನಮ್ಮ ಮಾಳಿಗೆ ಸೋರಿದೆ. ಬೇರೆಲ್ಲೂ ಅಲ್ಲ, ನನ್ನ ಮಂಚದ ಮೇಲೆಯೇ. ಸುಮಂಗಲಾ ಹಾಸಿಗೆ ಎತ್ತಿ ಪರಾತ ಇಟ್ಟಿದ್ದಳು. "ಮಾವಾರೆ, ಈ ವರ್ಷ ಮಣ್ಣು ಯಾಕ ಹಾಕಿಸಲಿಲ್ರಿ?" ಎಂದು ಕೇಳಿದಳು. ನಾನು ಪರಾತದ ನೀರು ಚೆಲ್ಲಿ ಬಂದೆ. ಉತ್ತರ ನಿನಗೆ ಕೊಡುತ್ತೇನೆ. ಹೋದ ವರ್ಷದ ಮಣ್ಣು ಸಾಕು ಎಂದು ಬರೆದದ್ದು ಸುಳ್ಳು. ಆ ಎರಡು ಚೀಲ ಈ ಮಾಳಿಗೆಗೆಂದೇ ಅಗೆದದ್ದು. ಮತ್ತೆ ಹೋಗಿ ಅಗೆಯಲು ಮೊಣಕಾಲು ಬಿಡಲಿಲ್ಲ, ಇನ್ನೊಬ್ಬರಿಗೆ ಹೇಳಲು ಮನಸ್ಸು ಬರಲಿಲ್ಲ. ನಿನ್ನ ನೆತ್ತಿ ಮುಚ್ಚಲಿ ಎಂದು ಕಳಿಸಿಬಿಟ್ಟೆ. ಅದು ನಿನ್ನ ಮೊಳೆ ತಿಂದಿತು, ಇಲ್ಲಿ ನನ್ನ ಮಂಚ ನೆನೆಯಿತು.

ನಗಬೇಕೆನಿಸಿದರೆ ನಗು. ನಾನೂ ನಕ್ಕಿದ್ದೇನೆ.

ಸೋತು ಸಂತೋಷದಲ್ಲಿರುವ ನಿನ್ನ ಅಣ್ಣ,
ಸೂಗಪ್ಪ


ದೇವದುರ್ಗ
15 ಅಕ್ಟೋಬರ್ 2025

ಅಣ್ಣಾ,

ನಿನ್ನ ಪತ್ರಕ್ಕೆ ಕಟ್ಟು ಹಾಕಿಸಲು ಕೊಟ್ಟಾಯಿತು. ಮೊದಲ ಭಾಗಕ್ಕೆ ಮಾತ್ರ. ಉಳಿದದ್ದನ್ನು ಮಡಚಿ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ಓದಿ ನಗಲಿಲ್ಲ. ಇನ್ನೊಮ್ಮೆ ಓದಿದೆ. ಆಮೇಲೆ ಹೀರಾಬಿಯನ್ನು ಕರೆದು ಓದಿ ಹೇಳಿದೆ, ಆಗ ಇಬ್ಬರೂ ನಕ್ಕೆವು.

ಆ ದಿನ ನೀನು ಕೌದಿ ಹಾಸಿಕೊಂಡು ಕೂತಿದ್ದೆಯಲ್ಲ, ಕೆಳಗಿದ್ದ ಚೀಲಗಳು ಯಾವುವೆಂದು ಗುರುತು ಹತ್ತಲಿಲ್ಲವೆ? ನೀನೇ ಕಟ್ಟಿ ಬಸ್ಸಿಗೆ ಹಾಕಿಸಿದ ಚೀಲಗಳು. ಹೊಸ ತಗಡು ಕೂಡಿಸಿದ ಮೇಲಿನ ಮುಂಗಾರು ಪೂರ್ತಿ, ಹಿಂಗಾರಿನ ಆ ದೊಡ್ಡ ಮಳೆ ಪೂರ್ತಿ ನನ್ನ ಶೆಡ್ಡಿನಲ್ಲೇ ಇದ್ದವು. ಇವತ್ತು ಬಿಚ್ಚಿ ತಳದವರೆಗೆ ಕೈ ಹಾಕಿ ನೋಡಿದೆ. ಮಣ್ಣು ಹಿಟ್ಟಿನಂತೆ ಒಣಗಿದೆ. ಒಂದು ಹನಿ ತಾಗಿಲ್ಲ.

ಹಬ್ಬಕ್ಕೆ ಎರಡೂ ಚೀಲ ತೆಗೆದುಕೊಂಡು ಬರುತ್ತಿದ್ದೇನೆ. ಹಾಲೇಶನಿಗೆ ಹೇಳಿಡು, ಈ ಮಣ್ಣಿಗೆ ಒಮ್ಮೆ ಟಿಕೆಟ್ ಆಗಿದೆ, ನಾನು ಇನ್ನೊಮ್ಮೆ ತೆಗೆಯುವವಳಲ್ಲ. ಖಾಲಿ ಕೋಣೆ ಗುಡಿಸಿಡು. ಹಬ್ಬ ಮುಗಿಯುವವರೆಗೆ ಇರುತ್ತೇನೆ, ಆಮೇಲೆ ಹೊರಡಬೇಕು, ನನ್ನ ಸಸಿಗಳಿಗೆ ನೀರು ಹಾಕುವವರಿಲ್ಲ.

ಮಾಳಿಗೆಯ ಮೇಲೆ ನಾನು ಹತ್ತುತ್ತೇನೆ. ನೀನು ಕೆಳಗೆ ಏಣಿ ಹಿಡಿದು ನಿಂತಿರು. ಎಡಕ್ಕೆ ಕಾಲಿಡು, ಬಲಕ್ಕೆ ಇಡು ಎಂದು ಎಷ್ಟು ಬೇಕಾದರೂ ಕೂಗು, ಇಳಿ ಅಂತ ಮಾತ್ರ ಅನ್ನಬೇಡ.

ಗೆದ್ದ ತಂಗಿ,
ಕನಕಮ್ಮ